ಎಡಗೈ ಸುತ್ತಿದ ಹುಳ

ಆಗಸ್ಟ್ ೫, ಸೋಮವಾರ

ದಿನಾ ಬಲಗೈಯಿಂದ ಹತ್ತು ಸಾಲು ಬರೆಯಬೇಕಂತೆ. ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರ್ ಹುಡುಗಿ ಯಾಸ್ಮೀನಳ ಅಪ್ಪಣೆ. ಏನು ಬರೆಯಲಿ ಅಂದೆ. "ಮನಸ್ಸಿಗೆ ಬಂದದ್ದು ಬರೀರಿ ಕಾಕಾ, ಯಾರೂ ಓದೂದಿಲ್ಲ" ಅಂದಳು. ಹೆಸರು ಕುಬೇರಪ್ಪ. ಬೆಟಗೇರಿಯ ನೇಕಾರ. ವಯಸ್ಸು ಐವತ್ತೆಂಟು. ಜುಲೈ ಒಂಬತ್ತಕ್ಕೆ ಮಗ್ಗದಲ್ಲಿ ಕೂತಾಗಲೇ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಐದು ಸಾಲಿಗೆ ಕೈ ಸೋತಿದೆ. ಉಳಿದ ಐದು ಅವಳೇ ಬರೆದುಕೊಳ್ಳಲಿ.

ಆಗಸ್ಟ್ ೮

ಮಗಳು ಸುಶ್ಮಿತಾಳ ಮದುವೆ ಡಿಸೆಂಬರ್ ಹನ್ನೆರಡಕ್ಕೆ. ಅವಳ ಧಾರೆಯ ಸೀರೆ ಮಗ್ಗದ ಮೇಲೆ ಮೂರು ಮೊಳಕ್ಕೆ ನಿಂತಿದೆ. ಇನ್ನೂ ಒಂಬತ್ತು ಮೊಳ ಬಾಕಿ. ಮನೆಯವಳು ಇವತ್ತು ಕಾಫಿ ಕೊಡುತ್ತ, "ನಾ ಕುಂಡ್ರಲೇನು ಮಗ್ಗಕ್ಕ?" ಅಂದಳು. ಲೋಟ ತೆಗೆದು ಅಂಗಳಕ್ಕೆ ಎಸೆದೆ, ಎಡಗೈಯಿಂದ. ನಮ್ಮ ಮನೆಯಲ್ಲಿ ಹೆಂಗಸರು ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತುತ್ತಾರೆ, ಗಂಡಸು ಮಗ್ಗದ ಕುಣಿಯಲ್ಲಿ ಕೂರುತ್ತಾನೆ. ಅಜ್ಜನ ಕಾಲದಿಂದ ಹಾಗೆಯೇ ನಡೆದಿದೆ.

ಅದೂ ಅಲ್ಲದೆ ಬಟ್ಟೆ ಸುಳ್ಳು ಹೇಳುವುದಿಲ್ಲ. ಹೊಕ್ಕಿನ ಎಳೆ ಕೂರಿಸಲು ಹಲಗೆ ಬಡಿಯುವ ಬಿರುಸು ಒಬ್ಬೊಬ್ಬರದು ಒಂದೊಂದು. ನಡುವೆ ಕೈ ಬದಲಾದರೆ ಅಲ್ಲೊಂದು ಅಡ್ಡ ಗೆರೆ ಬೀಳುತ್ತದೆ. ಬೇರೆಯವರಿಗೆ ಕಾಣುವುದಿಲ್ಲ, ಬೆಟಗೇರಿಯವರಿಗೆ ಕಾಣುತ್ತದೆ. ಕುಬೇರಪ್ಪನ ಮಗಳು ಎರಡು ಕೈಯ ಸೀರೆ ಉಟ್ಟು ಹಸೆಗೆ ಕೂತಳು ಅಂತ ಆಡಿಕೊಳ್ಳುತ್ತಾರೆ. ಬೇಡ. ನನ್ನ ಕೈ ಬರುತ್ತದೆ.

ಆಗಸ್ಟ್ ೧೪

ಯಾಸ್ಮೀನಳ ದವಾಖಾನೆಯ ಬಾಗಿಲಲ್ಲಿ ಒಬ್ಬ ಮುದುಕ ದಿನಾ ಕೂತಿರುತ್ತಿದ್ದ. ಅವಳ ಅಪ್ಪನೇ ಅಂತೆ, ಯಮನೂರಸಾಬ. ಹಮ್ಮಿಗಿಯವನು. ಹೊಳೆಯ ನೀರಿನ ಮಟ್ಟ ಓದಿ ಬರೆದುಕೊಳ್ಳುವ ನೌಕರಿ ಮಾಡಿ ನಿವೃತ್ತನಾಗಿದ್ದಾನೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನಿಗೆ ಹೆದರಿ ಮುಂದೂಡುತ್ತಿದ್ದಾನೆ.

ಇವತ್ತು ನನ್ನ ಪಕ್ಕಕ್ಕೆ ಸರಿದು ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದ. ಒಳಗೆ ಹತ್ತಿಯ ಮೇಲೆ ಒಂದು ಸಣ್ಣ ಹುಳ. ನೋಡಿದರೆ ಹುಳ ಅಲ್ಲ, ಗಾಳಕ್ಕೆ ಕಿತ್ತಳೆ ಬಣ್ಣದ ರೇಷ್ಮೆ ಸುತ್ತಿ, ಕತ್ತಿಗೆ ಚುಕ್ಕಿಯ ಗರಿ ಕಟ್ಟಿದ್ದಾರೆ. ನಲವತ್ತು ವರ್ಷದ ಹಿಂದೆ ಕಾಲುವೆಯ ಸರ್ವೆಗೆ ಬಂದಿದ್ದ ಯಾರೋ ಎಂಜಿನಿಯರ್ ಸಾಹೇಬ ಇಂಥವನ್ನು ಕಟ್ಟಿ, ನಿಜವಾದ ಹುಳ ಅಂತ ಮೀನನ್ನು ಮರುಳು ಮಾಡಿ ಹಿಡಿಯುತ್ತಿದ್ದನಂತೆ, ಇವನಿಗೂ ಕಲಿಸಿದನಂತೆ. ಗೌಜಲಹಕ್ಕಿಯ ಗರಿ, ಕಿತ್ತಳೆ ರೇಷ್ಮೆ, ಅಷ್ಟೇ ಸಾಮಾನು. ಇಂಗ್ಲಿಷರ ಊರಲ್ಲಿ ಇದಕ್ಕೆ ಮುನ್ನೂರು ವರ್ಷದ ಇತಿಹಾಸ ಇದೆಯಂತೆ.

"ಇದೊಂದ ಉಳದೈತ್ರಿ. ನನಗ ಕಣ್ಣಿಲ್ಲ, ಕಟ್ಟಾಕ ಬರೂದಿಲ್ಲ. ನಿಮಗ ಕಣ್ಣದಾವ," ಅಂದ.

"ನನಗೆ ಕೈ ಇಲ್ಲ," ಅಂದೆ.

"ಒಂದೈತಲ್ರಿ," ಅಂದ ಮಾರಾಯ.

ಯಾಸ್ಮೀನ ಒಳಗಿನಿಂದಲೇ ಕೂಗಿದಳು, "ಮಾಡ್ರಿ ಕಾಕಾ! ಬೆರಳಿಗೆ ಇದರಂಥ ಔಷಧ ಇಲ್ಲ." ಅಪ್ಪ ಮಗಳು ಕೂಡಿಯೇ ಮಾಡಿದ ಮಸಲತ್ತು ಇದು.

ಆಗಸ್ಟ್ ೧೬

ಯಮನೂರಸಾಬ ಕೊಟ್ಟ ಗರಿ ಮನೆಗೆ ತಂದದ್ದಕ್ಕೆ ರಾಮಾಯಣ. "ಲಿಂಗ ಕಟ್ಟಿದ ಮನಿಯಾಗ ಕೋಳಿ ಪುಚ್ಚ! ಲಕ್ವಾ ಕೈಗೆ ಹೊಡದೈತೋ ತಲಿಗೆ ಹೊಡದೈತೋ?" ಅಂತ ಮನೆಯವಳು. ಕೊಂದು ಕಿತ್ತ ಪುಚ್ಚ ಅಲ್ಲ ಮಾರಾಯ್ತಿ, ಗೌಜಲಹಕ್ಕಿ ಹಿಡಿದರೆ ಜೈಲು, ಇವು ಯಮನೂರಸಾಬನ ಹಿತ್ತಲಲ್ಲಿ ಗಿನಿಕೋಳಿ ಉದುರಿಸಿದ ಗರಿ ಅಂತ ತಿಳಿಸಿ ಹೇಳಿದೆ. ಕೋಣನ ಮುಂದೆ ಕಿನ್ನರಿ. ಕೊನೆಗೆ ಹೊರಗಿನ ಕಟ್ಟೆಯ ಮೇಲೆ ಒಂದು ಮಣೆ ಹಾಕಿದಳು. ಪುಚ್ಚ ಹೊಸ್ತಿಲು ದಾಟುವ ಹಾಗಿಲ್ಲ, ನಾನು ಕೈಕಾಲು ತೊಳೆಯದೆ ಒಳಗೆ ಬರುವ ಹಾಗಿಲ್ಲ.

ಸಾಹೇಬ ಬಿಟ್ಟುಹೋದ ಪುಟ್ಟ ಇಕ್ಕಳ ಮಣೆಯ ಅಂಚಿಗೆ ಕಚ್ಚಿ ಕೂತಿದೆ. ಅದರ ಬಾಯಿಗೆ ಗಾಳ ಸಿಕ್ಕಿಸಬೇಕು.

ಆಗಸ್ಟ್ ೨೭

ಹದಿನೇಳು ಸಲ ಕಟ್ಟಿದೆ, ಹದಿನೇಳೂ ಹಾಳು. ಕೆಲಸ ಕೇಳಿದರೆ ಸುಲಭ. ರೇಷ್ಮೆಯ ಎಳೆಯನ್ನು ಗಾಳದ ಕಣ್ಣಿನಿಂದ ಬಾಲದವರೆಗೆ ಒತ್ತಾಗಿ ಸುತ್ತಬೇಕು, ಮತ್ತೆ ಮೇಲೆ ಬರಬೇಕು, ಕಣ್ಣಿನ ಹತ್ತಿರ ಗರಿಯ ತುದಿ ಕಟ್ಟಿ ಎರಡೇ ಸುತ್ತು ಹಾಕಬೇಕು. ಗರಿಯ ಎಳೆಗಳು ಹುಳದ ಕಾಲಿನ ಹಾಗೆ ಹರಡಿ ನಿಲ್ಲಬೇಕು. ನನ್ನ ಬಲಗೈ ಎರಡನೆಯ ಸುತ್ತಿಗೆ ನಡುಗಿ ಎಳೆ ಕಡಿಯುತ್ತದೆ. ಮೂವತ್ತೆಂಟು ವರ್ಷ ನೇಯ್ದ ಕೈಗೆ ಒಂದು ಗೇಣು ದಾರ ಹಿಡಿಯಲು ಬರುವುದಿಲ್ಲ! ಥೂ.

ಗರಿಯೆಲ್ಲ ಗಾಳಿಗೆ ಹಾರಿ ಪಕ್ಕದ ಮನೆಯ ತಿರಕಪ್ಪನ ಹಪ್ಪಳದ ಮೇಲೆ ಹೋಗಿ ಕೂತವು. ಅವನೂ ಬಾಯಿಗೆ ಬಂದದ್ದು ಅಂದ.

ಸೆಪ್ಟೆಂಬರ್ ೧೨

ಆತು! ಕಟ್ಟಿದೆ! ಬೆಂಕಿಪೆಟ್ಟಿಗೆಯ ಹುಳದ ಪಕ್ಕ ಇಟ್ಟರೆ ಅಣ್ಣತಮ್ಮ. ಸಾಹೇಬನ ಹುಳದಲ್ಲಿ ಇದ್ದಷ್ಟೇ ಸುತ್ತು, ಅದೇ ದಿಕ್ಕು. ರೇಷ್ಮೆಗೆ ಸ್ವಲ್ಪ ಜುಂಗು ಎದ್ದಿತ್ತು, ಅದಕ್ಕೆ ನೂಲಿಗೆ ಕೊಡುವ ಹಾಗೆ ಜೋಳದ ಗಂಜಿ ಕೊಟ್ಟು ಒಣಗಿಸಿ ಸುತ್ತಿದೆ. ಗಂಜಿ ಕಾಣದ ಹಸಿ ಎಳೆ ಸುತ್ತುವುದು ನೇಕಾರನ ಜಾತಿಗೇ ಆಗದ ಮಾತು. ಈಗ ಉಗುರು ಹಾಕಿದರೂ ಜರುಗುವುದಿಲ್ಲ, ತಾಮ್ರದ ತಂತಿಯ ಹಾಗೆ ಬಿಗಿಯಾಗಿದೆ.

ಇದು ಬಂದರೆ ಮಗ್ಗವೂ ಬರುತ್ತದೆ. ಮೂರು ತಿಂಗಳು ಇದೆಯಲ್ಲ. ದಿನಕ್ಕೆ ಗೇಣು ನೇಯ್ದರೂ ಸಾಕು.

ಸೆಪ್ಟೆಂಬರ್ ೨೨, ಭಾನುವಾರ

ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಮುಂಡರಗಿ ಬಸ್ಸು ಹಿಡಿದು, ಅಲ್ಲಿಂದ ಹಮ್ಮಿಗಿಗೆ ಹೋದೆ. ತುಂಗಭದ್ರೆ ಬ್ಯಾರೇಜಿನ ಹಿಂದೆ ಕೆರೆಯಂತೆ ನಿಂತಿದ್ದಾಳೆ. ಯಮನೂರಸಾಬ ದಂಡೆಯಲ್ಲಿ ಬಿದಿರಿನ ಕೋಲು ಹಿಡಿದು ಕೂತಿದ್ದ, ಹುಳ ನೋಡಲು ಊರಿನ ನಾಲ್ಕು ಜನರನ್ನೂ ಕೂಡಿಸಿದ್ದ. ಬೆಟಗೇರಿಯ ದೊಡ್ಡ ನೇಕಾರ ಕಟ್ಟಿದ್ದು ಅಂತ ಡಂಗುರ ಬೇರೆ.

ನೀರಿಗೆ ಬಿಟ್ಟ. ಒಂದು ನಿಮಿಷ, ಎರಡು ನಿಮಿಷ. ಎಳೆದು ನೋಡಿದರೆ ರೇಷ್ಮೆ ಸಡಿಲಾಗಿ ಶಾವಿಗೆಯ ಹಾಗೆ ಜೋತುಬಿದ್ದಿದೆ, ಗರಿ ತೇಲಿಕೊಂಡು ಹೊಳೆಯ ಪಾಲಾಗಿದೆ. ಗಂಜಿ! ನೀರಲ್ಲಿ ಗಂಜಿ ಕರಗುತ್ತದೆ ಅನ್ನುವುದು ಹಸುಗೂಸಿಗೂ ಗೊತ್ತು. ನೇಯ್ದ ಸೀರೆ ನೆನೆಸಿದರೂ ನಮಗೆ ಚಿಂತೆ ಇಲ್ಲ, ಹಾಸುಹೊಕ್ಕು ಒಂದನ್ನೊಂದು ಹಿಡಿದಿರುತ್ತವೆ. ಇಲ್ಲಿ ಹಿಡಿಯಲು ಏನಿದೆ?

"ಬೆಟಗೇರಿಯವರು ಮೀನಿಗೂ ಗಂಜಿ ಕುಡಸ್ತಾರಲೇ!" ಅಂತ ಒಬ್ಬ ನಕ್ಕ. ಎಲ್ಲರೂ ನಕ್ಕರು. ಯಮನೂರಸಾಬ ನಗಲಿಲ್ಲ. ಅದು ಇನ್ನೂ ಚುಚ್ಚಿತು.

ಸಂಜೆ ನಮ್ಮ ಓಣಿಗೆ ತಿರುಗಿದರೆ ಲಾಳಿಯ ಸದ್ದು. ತಿರಕಪ್ಪನ ಮಗ್ಗ ಇರಬೇಕು ಅಂದುಕೊಂಡೆ. ಅಲ್ಲ, ನನ್ನ ಮಗ್ಗ! ಬಾಗಿಲು ತಳ್ಳಿದರೆ ಮನೆಯವಳು ಕುಣಿಯಲ್ಲಿ ಕೂತಿದ್ದಾಳೆ. ನನ್ನ ಜಾಗದಲ್ಲಿ. ನಾನು ಏನೇನು ಅಂದೆನೋ ಬರೆಯುವುದಿಲ್ಲ. ಯಾರೂ ಓದದಿದ್ದರೂ ಬರೆಯುವುದಿಲ್ಲ.

ಸೆಪ್ಟೆಂಬರ್ ೨೩

ಮಾತಿಲ್ಲ.

ಸೆಪ್ಟೆಂಬರ್ ೨೫

ಮಾತಿಲ್ಲ. ಬಡಿಸಿದಳು. ಉಂಡೆ. ನಾನು ಎದ್ದ ಮೇಲೆ ಮಗ್ಗಕ್ಕೆ ಹೋಗಿ ಕೂತಳು, ನನ್ನ ಕಣ್ಣೆದುರೇ.

ಸೆಪ್ಟೆಂಬರ್ ೨೭

ಇವತ್ತು ಅವಳೇ ಬಾಯಿ ಬಿಟ್ಟಳು. ಎದುರು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ.

"ಗಜೇಂದ್ರಗಡದಾಗ ಅಪ್ಪನ ಮಗ್ಗದಾಗ ಹದಿನಾಕ ಸೀರಿ ನೇದೀನಿ. ಹತ್ತೊಂಬತ್ತಕ್ಕ ಇಲ್ಲಿಗೆ ಬಂದೆ. ನಿನಗ ನೇಯಾಕ ಬರತೈತೇನು ಅಂತ ಒಬ್ಬರರ ಕೇಳೀರೇನು? ಮಗಳ ಮದವಿ ನಿಮ್ಮ ಕೈ ಕಾಯೂದಿಲ್ರಿ."

"ಗೆರಿ ಬೀಳತೈತಿ," ಅಂದೆ.

"ಬಿದ್ರ ಬೀಳವಲ್ದ್ಯಾಕ. ಸೀರಿ ಇಲ್ಲದ ಹಸಿಗೆ ಕುಂಡ್ರಿಸಾಕ ಬರತೈತೇನು?"

ನೇಯಲಿ. ನಾಳೆ ಬೆಟಗೇರಿ ನಕ್ಕರೆ ಅವಳೇ ಕೇಳಿಸಿಕೊಳ್ಳಲಿ. ನಾನು ಆ ಬಟ್ಟೆಯ ಕಡೆ ನೋಡುವುದಿಲ್ಲ. ನೇಯ್ದದ್ದು ಕುಂಟೆಯ ಉರುಳೆಗೆ ಸುತ್ತಿಕೊಂಡು ಒಳಗೆ ಹೋಗುತ್ತದೆ, ನೋಡುವ ಪ್ರಸಂಗವೂ ಬರುವುದಿಲ್ಲ.

ಅಕ್ಟೋಬರ್ ೮

ಯಾಸ್ಮೀನ ಬಾಗಿಲು ಮುಂದೆ ಮಾಡಿ ಕೂರಿಸಿದಳು. ಬೆರಳು ಮುಕ್ಕಾಲು ಬರುತ್ತವೆ, ಆದರೆ ಭುಜಕ್ಕೆ ಹಲಗೆ ಬಡಿಯುವ ಶಕ್ತಿ ಇನ್ನು ಬರುವುದಿಲ್ಲ ಅಂದಳು. ಒಂದು ಸೀರೆಗೆ ಕೈ ಎಷ್ಟು ಸಲ ಎತ್ತಬೇಕು ಅಂತ ಕೇಳಿ ಬರೆದುಕೊಂಡಿದ್ದಳಂತೆ, ಅಷ್ಟು ಆಗುವುದಿಲ್ಲವಂತೆ. "ಸುಳ್ಳು ಹೇಳಿ ನಿಮ್ಮನ್ನ ಕುಣಿಸಾಕ ನನಗ ಬರೂದಿಲ್ಲ ಕಾಕಾ," ಅಂದಳು. ಅವಳ ಕಣ್ಣೂ ತುಂಬಿದ್ದವು.

ಆಟೋದಲ್ಲಿ ಅತ್ತೆ. ಡ್ರೈವರ ಕನ್ನಡಿಯಲ್ಲಿ ನೋಡಿ ಹಾಡಿನ ಸದ್ದು ಕಡಿಮೆ ಮಾಡಿದ. ಮನೆಯಲ್ಲಿ ಹೇಳಲಿಲ್ಲ. ಮಗ್ಗದ ಸದ್ದು ಕೇಳುತ್ತ ಕಟ್ಟೆಯ ಮೇಲೆ ಕೂತೆ.

ಅಕ್ಟೋಬರ್ ೧೧

ದಸರೆಯ ಆಯುಧಪೂಜೆ, ನಮ್ಮಲ್ಲಿ ಖಂಡೇಪೂಜೆ. ಮಗ್ಗ ತೊಳೆದು, ವಿಭೂತಿ ಹಚ್ಚಿ, ಚೆಂಡುಹೂ ಕಟ್ಟಿದ್ದಳು. ಪೂಜೆ ನಾನೇ ಮಾಡಿದೆ, ಎಡಗೈಯಿಂದ ಕಾಯಿ ಒಡೆದೆ. ಹೊರಗೆ ಬಂದು ನೋಡಿದರೆ ಮಣೆಯ ಮೇಲಿನ ಇಕ್ಕಳಕ್ಕೂ ಒಂದು ಹೂ. ಪುಚ್ಚದ ಡಬ್ಬಿಗೆ ಮಾತ್ರ ಇಲ್ಲ.

ಅಕ್ಟೋಬರ್ ೨೦, ಭಾನುವಾರ

ಗಂಜಿ ಬಿಟ್ಟು ಜೇನುಮೇಣ ಸವರಿ ಕಟ್ಟಿದ ಹುಳ ತೆಗೆದುಕೊಂಡು ಹಮ್ಮಿಗಿಗೆ ಹೋದೆ. ಈ ಸಲ ಬಿಚ್ಚಲಿಲ್ಲ. ಆದರೆ ಎರಡು ತಾಸು ಕೂತರೂ ಮೀನು ಮೂಸಲೂ ಇಲ್ಲ. ಹಿಡಿದರೆ ಪಾಪ, ಹಿಡಿಯದಿದ್ದರೆ ಅವಮಾನ. ನಾನು ಒಳಗೊಳಗೇ ಬಸವಣ್ಣನಿಗೆ ಏನು ಬೇಡಿಕೊಳ್ಳುತ್ತಿದ್ದೆ ಅಂತ ನನಗೇ ಗೊತ್ತಾಗಲಿಲ್ಲ.

ಯಮನೂರಸಾಬ ಹುಳವನ್ನು ಕೆಳತುಟಿಯ ಮೇಲೆ ಉರುಳಿಸಿ ನೋಡಿದ. ಕಣ್ಣು ಹೋದ ಮೇಲೆ ಅವನಿಗೆ ತುಟಿಯೇ ಕಣ್ಣು.

"ಕೂದಲಷ್ಟೂ ತಪ್ಪಿಲ್ರಿ. ಖರೆ ಸಾಹೇಬರ ಹುಳ."

"ಮತ್ತೆ?"

"ಸಾಹೇಬರ ಹುಳ ಸಾಹೇಬರ ಕಾಲದ ನೀರಿಗೆ ಹೊಂದತಿತ್ತು. ಆವಾಗ ಹೊಳಿ ಓಡತಿತ್ತು, ತಿಳಿ ನೀರು. ಈಗ ಬ್ಯಾರೇಜ ಕಟ್ಯಾರ, ನಿಂತೈತಿ, ರಾಡಿ ಐತಿ. ನೀವು ಇನ್ನೊಬ್ಬರ ಕೈಯಾಗಿನ ಹುಳ ಕಟ್ಟೀರಿ. ನಿಮ್ಮ ಕೈಯಾಗಿಂದು ಎಲ್ಲೈತ್ರಿ?"

"ನನಗೆ ಇರೂದು ಹಾಳಾದ ಕೈ," ಅಂದೆ ಸಿಟ್ಟಿನಿಂದ.

"ಅದನ್ನ ಕೊಡ್ರಿ ಮತ್ತ," ಅಂದ.

ವಾಪಸು ಬರುವಾಗ ಬಸ್ಸಿನಲ್ಲಿ ಅವನಿಗೆ ಮನಸಾರೆ ಬೈದೆ.

ನವೆಂಬರ್ ೫

ಇಷ್ಟು ದಿನ ಸಾಹೇಬ ಸುತ್ತಿದ ದಿಕ್ಕಿಗೇ ಸುತ್ತಬೇಕು ಅಂತ ಬಲಗೈಗೆ ಹಿಂಸೆ ಕೊಡುತ್ತಿದ್ದೆ. ಇವತ್ತು ಸಾಕಾಗಿ ಇಕ್ಕಳವನ್ನೇ ತಿರುಗಿಸಿ ಇಟ್ಟೆ. ಬಲಗೈ ಗರಿ ಚಿವುಟಿ ಹಿಡಿದುಕೊಳ್ಳಲಿ, ಅಷ್ಟು ಅದಕ್ಕೆ ಬರುತ್ತದೆ. ಸುತ್ತುವುದು ಎಡಗೈ. ಎಳೆ ಉಲ್ಟಾ ಹೋಯಿತು. ಎಡಗೈಗೆ ಬಿಗಿ ಹಿಡಿತ ತಿಳಿಯದು, ಮೈ ಸ್ವಲ್ಪ ದಪ್ಪ ಬಂತು, ಗರಿ ಹಿಂದಕ್ಕೆ ಮಲಗುವ ಬದಲು ಮುಂದಕ್ಕೆ ಬಾಗಿ ನಿಂತಿತು. ನೀರು ತುಂಬಿದ ಚರಿಗೆಯಲ್ಲಿ ಬಿಟ್ಟು ಜಗ್ಗಿದೆ. ಗರಿಯ ಎಳೆಗಳು ಮುಚ್ಚಿದವು, ಬಿಟ್ಟಾಗ ತೆರೆದವು. ಮತ್ತೆ ಜಗ್ಗಿದೆ. ಉಸಿರಾಡುತ್ತಿತ್ತು ಅದು! ಹತ್ತು ಸಲ ಜಗ್ಗಿದೆ, ಹುಚ್ಚನ ಹಾಗೆ.

ರಾಡಿ ನೀರಿಗೆ ಕಿತ್ತಳೆ ಕಾಣುವುದಿಲ್ಲ. ಬಣ್ಣ ಯಾವುದು ಹಾಕಲಿ ಅಂತ ಯೋಚಿಸುತ್ತ ಕೂತಾಗ ಹೆಂಡತಿ ಸಾವಿತ್ರಿ ಒಳಗಿನಿಂದ ಬಂದಳು. ಹೊಸ್ತಿಲಲ್ಲೇ ನಿಂತು ಚರಿಗೆಯೊಳಗೆ ಇಣುಕಿದಳು. ಒಳಗೆ ಹೋಗಿ ಸೀರೆಯ ಅಂಚಿಗೆ ಬಳಸಿ ಉಳಿದ ದಾಳಿಂಬೆ ಕೆಂಪಿನ ಎಳೆ ತಂದು ಕೊಟ್ಟಳು. "ಮ್ಯಾಲೆ ಜರಿ ಎಳಿ ಎರಡ ಸುತ್ತ ಹಾಕ್ರಿ, ರಾಡಿಯಾಗ ಮಿಂಚತೈತಿ" ಅಂದಳು. ಮೀನಿನ ವಿಷಯ ಇವಳಿಗೇನು ಗೊತ್ತು ಅಂದುಕೊಂಡೆ. ಹಾಕಿದೆ. ಚೆನ್ನಾಗಿ ಬಂತು.

ಬೆರಳಿಗೆ ವ್ಯಾಯಾಮ ಆಗಲಿ ಅಂತ ಸಂಜೆ ನಾಲ್ಕು ಕಂಡಿಕೆ ಸುತ್ತಿ ಕೊಟ್ಟೆ.

ನವೆಂಬರ್ ೧೭, ಭಾನುವಾರ

ಹಿಡಿಯಿತು! ಅಯ್ಯೋ ಶಿವನೇ, ಹಿಡಿಯಿತು!

ಮೂರನೆಯ ಸಲಕ್ಕೇ. ಯಮನೂರಸಾಬ ಕೋಲನ್ನು ನನ್ನ ಎಡಗೈಗೆ ಕೊಟ್ಟು, "ಎಳೀಬ್ಯಾಡ್ರಿ, ಸುಮ್ಮ ಹಿಡಕೊಂಡು ಒಮ್ಮೊಮ್ಮೆ ಜಗ್ಗ್ರಿ," ಅಂದಿದ್ದ. ಜಗ್ಗಿದೆ. ನೀರಿನೊಳಗಿನಿಂದ ಯಾರೋ ತಿರುಗಿ ಜಗ್ಗಿದರು. ಮೈಯೆಲ್ಲ ಝುಮ್ ಅಂದಿತು. ನಾನು "ಬಂತು ಬಂತು" ಅಂತ ಕೂಗಿದ್ದು ಆಚೆ ದಂಡೆಗೆ ಕೇಳಿರಬೇಕು. ಮೊಳದುದ್ದದ ಬೆಳ್ಳನೆಯ ಮೀನು, ಬಾಲ ಕೆಂಪಗೆ.

ದಂಡೆಯ ಮೇಲೆ ಅದು ಬಾಯಿ ತೆರೆದು ಮುಚ್ಚುವುದನ್ನು ನೋಡಿ ನಾನು ಮುಖ ತಿರುಗಿಸಿದೆ. ಯಮನೂರಸಾಬ ತಡವುತ್ತ ಗಾಳ ಬಿಡಿಸಿ, ಮೀನನ್ನು ಎರಡೂ ಕೈಯಲ್ಲಿ ನೀರಿಗೆ ಇಳಿಸಿದ. "ನೀವು ಬಂದೀರಿ ಅಂತ ಇವತ್ತ ಬಿಟ್ಟೀನಿ. ನಾಳೆ ಇದೇ ಬಂದ್ರ ಬಿಡೂದಿಲ್ಲ, ಹೇಳಿರತೀನಿ," ಅಂದ.

ಹುಳಕ್ಕೆ ಹೆಸರಿಡಿ ಅಂದ. ಎಡಗೈ ಹುಳ ಅಂದೆ. ಸಾಹೇಬನ ಹುಳವನ್ನು ಬೆಂಕಿಪೆಟ್ಟಿಗೆಗೆ ಹಾಕಿ ಜೇಬಿಗಿಟ್ಟುಕೊಂಡು, ನನ್ನದನ್ನು ಟೋಪಿಗೆ ಸಿಕ್ಕಿಸಿಕೊಂಡ. ಡಿಸೆಂಬರಿನಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳುತ್ತಾನಂತೆ, ಹುಳದ ಬಣ್ಣ ನೋಡಬೇಕಂತೆ.

ಮನೆಗೆ ಬಂದು ಸಾವಿತ್ರಿಗೆ ಎಲ್ಲ ಹೇಳಿದೆ. "ಜರಿ ಹಾಕಿದ್ದಕ್ಕ ಬಿತ್ತು," ಅಂದಳು. ಇರಬಹುದು.

ನವೆಂಬರ್ ೨೭

ಸೀರೆಯ ಒಡಲು ಮುಗಿದಿದೆ, ನಾಳೆಯಿಂದ ಸೆರಗು. ಇನ್ನು ಹದಿನೈದು ದಿನ.

ಸಾವಿತ್ರಿ ಬೀಗರ ಮನೆಗೆ ಅರಿಶಿನ ಕೊಡಲು ಹೋಗಿದ್ದಳು. ನಾನು ಕುಂಟೆ ಸಡಿಲಿಸಿ ಬಟ್ಟೆ ಬಿಚ್ಚಿದೆ. ಗೆರೆ ನೋಡಬೇಕಿತ್ತು. ಸಿಟ್ಟಿನಿಂದಲ್ಲ. ಯಾರಾದರೂ ಮದುವೆಯಲ್ಲಿ ಬೆರಳಿಟ್ಟು ತೋರಿಸಿದರೆ, ಹೌದಪ್ಪ, ಇಲ್ಲಿಯವರೆಗೆ ನಾನು, ಇಲ್ಲಿಂದ ನನ್ನ ಹೆಂಡತಿ ಅಂತ ಹೇಳಬೇಕು ಅಂತ ತಲೆಯಲ್ಲಿ ಮಾತು ಕೂಡಿಸಿ ಇಟ್ಟುಕೊಂಡಿದ್ದೆ.

ಗೆರೆ ಸಿಗಲಿಲ್ಲ.

ಬೆಳಕಿಗೆ ಹಿಡಿದು ನೋಡಿದೆ. ಗರಿ ನೋಡುವ ಭೂತಗನ್ನಡಿ ತಂದು, ಕೈಕಾಲು ತೊಳೆದುಕೊಂಡು, ಎಳೆ ಎಣಿಸಿದೆ. ಮೂರನೆಯ ಮೊಳದಲ್ಲಿ ಬೆರಳಗಲಕ್ಕೆ ಎಷ್ಟು ಎಳೆಯೋ ಎಂಟನೆಯದರಲ್ಲೂ ಅಷ್ಟೇ. ನಾನು ಬಲ ಅಂಚಿನ ಹತ್ತಿರ ಒಂದು ಕೂದಲು ಹೆಚ್ಚು ಬಿಗಿ ಬಡಿಯುತ್ತೇನೆ, ಅದು ನನ್ನ ಹುಟ್ಟುಚಾಳಿ. ಅದೂ ಇದೆ. ಅವಳು ನೇಯ್ದ ಅಷ್ಟೂ ಮೊಳದಲ್ಲಿ ಎಲ್ಲಿಯೂ ಅವಳಿಲ್ಲ. ಎಲ್ಲಾ ಕಡೆ ನಾನೇ ಇದ್ದೇನೆ.

ಕುಣಿಯ ಅಂಚಿನಲ್ಲಿ ಕೂತುಬಿಟ್ಟೆ. ಖುಷಿಯಾಗಬೇಕಿತ್ತು. ಎದೆಗೆ ಯಾರೋ ಒದ್ದ ಹಾಗಾಯಿತು.

ನವೆಂಬರ್ ೨೮

ಗೆರೆ ಯಾಕಿಲ್ಲ ಅಂತ ಬೆಳಿಗ್ಗೆ ಕೇಳಿದೆ. ಮೊದಲು ಮಾತು ತೇಲಿಸಿದಳು. ನಾನು ಬಿಡಲಿಲ್ಲ. ಕುಪ್ಪಸದ ತೋಳು ಸರಿಸಿ ಭುಜ ತೋರಿಸಿದಳು, ಬಾತು ಕೆಂಪಗಾಗಿದೆ. ನನ್ನ ಬಿರುಸಿಗೆ ಹಲಗೆ ಬಡಿದೂ ಬಡಿದೂ ಹಾಗಾಗಿದೆ.

"ಮೂವತ್ತ ಒಂದ ವರ್ಷ ಕಿವಿಯಾಗ ಕೇಳೇನಿ ನಿಮ್ಮ ಬಡಿತಾ," ಅಂದಳು. "ಒಲಿ ಮುಂದ ಕುಂತರೂ ಗೊತ್ತಾಗತಿತ್ತು, ಇವತ್ತ ಸಿಟ್ಟಿನ್ಯಾಗ ಅದಾರ, ಇವತ್ತ ಹಸದಾರ ಅಂತ. ಹಂಗ ಬಡದೆ. ನಿಮ್ಮ ಮರ್ಯಾದಿ ಹೋಗಬಾರದು ಅಂದ್ರಲ್ಲ."

ಅವಳ ಬಡಿತ ಹೇಗಿತ್ತು? ಎರಡು ತಿಂಗಳು ಕಟ್ಟೆಯ ಮೇಲೆ ಕೂತು ಕೇಳಿದೆ, ನನಗೆ ಕೇಳಿಸಿದ್ದು ನನ್ನದೇ. ಅವಳನ್ನು ಕೇಳಿದ್ದು ಯಾವಾಗ ನಾನು?

"ಸೆರಗು ಹಂಗ ನೇಯಬ್ಯಾಡ," ಅಂದೆ. "ಸೆರಗು ನಿನ್ನ ಕೈಯಾಗಿಂದು ಇರಲಿ. ಗೆರಿ ಬಿದ್ರ ಬೀಳಲಿ. ಬೀಳಬೇಕು."

ಅವಳು ಕುಣಿಗೆ ಇಳಿದು ಕೂತಳು. ಲಾಳಿ ಹಿಡಿದುಕೊಂಡಳು, ಎಸೆಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು, ಮುಖ ಸಣ್ಣಗಾಗಿತ್ತು.

"ನನ್ನ ಕೈ ಹೆಂಗ ಇತ್ತು ಅಂತ ನನಗ ನೆನಪಿಲ್ರಿ," ಅಂದಳು.

ಪಕ್ಕದಲ್ಲಿ ರಾಟೆ ಎಳೆದುಕೊಂಡು ಕಂಡಿಕೆ ಸುತ್ತುತ್ತ ಕೂತೆ. ನೇಯ್ದಳು, ನಾಲ್ಕು ಎಳೆ. ಬಿಚ್ಚಿದಳು. ಮತ್ತೆ ನೇಯ್ದಳು, ಮತ್ತೆ ಬಿಚ್ಚಿದಳು. ಮೂರನೆಯ ಸಲವೂ ಬಿಚ್ಚಿದಳು. ಊಟದ ಹೊತ್ತಾಗಿತ್ತು, ಇಬ್ಬರೂ ಏಳಲಿಲ್ಲ. ನಾಲ್ಕನೆಯ ಸಲ ಹಲಗೆ ಮೆಲ್ಲಗೆ ಬಿತ್ತು, ನಾನು ಈ ಮನೆಯಲ್ಲಿ ಎಂದೂ ಕೇಳದ ಹಾಗೆ. ಅದನ್ನು ಬಿಚ್ಚಲಿಲ್ಲ.